ಶಾಲೆಯ ಹಕ್ಕಿಗೆ ದನಿಯಾದ ಗುರು: ಫಾದರ್ ಜೆರೋಮ್ ಡಿಸೋಜ

ಬೆಳಗಿನ ಜಾವ ಮಾರಿಕುಪ್ಪಂನಿಂದ ಹೊರಟು ಚಾಂಪಿಯನ್ ರೀಫ್ಸ್, ಊರಿಗಾಂ, ಕೋರಮಂಡಲ್‌ಗಳಲ್ಲಿ ನಿಂತು ಬಂಗಾರಪೇಟೆಯತ್ತ ಸಾಗುವ ರೈಲನ್ನು ಅರಿಯದವರು ನಮ್ಮ ಊರಿನಲ್ಲಿ ಯಾರೂ ಇರಲಾರರು. ಇಲ್ಲಿನ ಮನೆಮನೆಯಿಂದ ಒಬ್ಬರಲ್ಲ ಒಬ್ಬರು ಆ ರೈಲು ಹಿಡಿದು ಬೆಂಗಳೂರಿಗೆ ಹೋಗುತ್ತಾರೆ. ಕತ್ತಲಾದ ಮೇಲೆ ಹಿಂತಿರುಗುತ್ತಾರೆ. 2001ರ ಫೆಬ್ರವರಿ 28ರಂದು ಚಿನ್ನದ ಗಣಿಗಳು ಮುಚ್ಚಿದ ಮೇಲೆ ನಮ್ಮವರ ಬದುಕು ಹಳಿಯ ಮೇಲೆ ಸಾಗುತ್ತಿದೆ. ನೂರಿಪ್ಪತ್ತು ವರ್ಷಗಳ ಕಾಲ, ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕಿಳಿದು, ಸುಮಾರು 800 ಟನ್ ಚಿನ್ನವನ್ನು ಲೋಕಕ್ಕೆ ಕೊಟ್ಟ ಊರಿದು. ಇಂದು ಆ ವೈಭವದ ಗುರುತಾಗಿ ಕಣ್ಣಿಗೆ ಬೀಳುವುದು ಸೈನೈಡ್ ಮಣ್ಣಿನ ದಿಬ್ಬಗಳು. ಆದರೆ ರೈಲು ಹೊರಟು ಎರಡು ಮೂರು ಗಂಟೆಯಾದ ಮೇಲೆ ಅದೇ ಬೀದಿಗಳಲ್ಲಿ ಸಮವಸ್ತ್ರ ತೊಟ್ಟ ಮಕ್ಕಳು ಸಾಲುಗಟ್ಟಿ ಶಾಲೆಗೆ ನಡೆಯುತ್ತಾರೆ. ಗಣಿ ಹೋದರೂ ಶಾಲೆ ಉಳಿಯಿತು. ಅದೇ ನಮಗೆ ಉಳಿದ ಆಸ್ತಿ.

ಆದ್ದರಿಂದಲೇ ಶಾಲೆಗಳಿಗೆ ಸಂಬಂಧಿಸಿದ ಯಾವುದೇ ಹೊಸ ಕಾನೂನಿನ ಸುದ್ದಿ ಬಂದಾಗ ಇಲ್ಲಿನ ಕುಟುಂಬಗಳು ಕಳವಳಗೊಳ್ಳುತ್ತವೆ. ಇತ್ತೀಚೆಗೆ ಒಂದು ಭಾನುವಾರ ಬಲಿಪೂಜೆ ಮುಗಿದ ಮೇಲೆ ಕೆಲವು ಮಂದಿ ಪೋಷಕರು ನಮ್ಮನ್ನು ಕಂಡು ತಮ್ಮ ಸಂದೇಹವನ್ನು ಮುಂದಿಟ್ಟರು. ಜನಸಂಖ್ಯೆಯಲ್ಲಿ ನಾವು ಅತ್ಯಲ್ಪರು, ವಿಧಾನಸಭೆಯಲ್ಲಿ ನಮ್ಮವರೆನ್ನಲು ಬೆರಳೆಣಿಕೆಯಷ್ಟು ಮಂದಿಯೂ ಕಷ್ಟ, ಹೀಗಿರುವಾಗ ನಾವು ಸಹಿ ಸಂಗ್ರಹಿಸಿ ಮನವಿ ಕೊಟ್ಟರೆ ಯಾರು ಕೇಳುತ್ತಾರೆ ಎಂಬುದು ಅವರ ಪ್ರಶ್ನೆಯಾಗಿತ್ತು. ಪ್ರಶ್ನೆ ಸಾಧುವಾದುದೇ. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಕ್ರೈಸ್ತರ ಪ್ರಮಾಣ ನೂರಕ್ಕೆ ಇಬ್ಬರಿಗಿಂತಲೂ ಕಡಿಮೆ. ಅದಕ್ಕೆ ಉತ್ತರವಾಗಿ ನಮ್ಮ ನಾಡಿನಲ್ಲೇ ಹುಟ್ಟಿದ, ಈಗ ಬಹುಮಟ್ಟಿಗೆ ಮರೆತುಹೋದ ಒಬ್ಬ ಮಹನೀಯರ ಬಾಳನ್ನು ಈ ವಾರ ಪ್ರಿಯ ಓದುಗರ ಮುಂದಿಡಲು ಬಯಸುತ್ತೇವೆ. ಅವರೇ ಯೇಸುಸಭೆಯ ಗುರು, ಶಿಕ್ಷಣತಜ್ಞ, ಭಾರತ ಸಂವಿಧಾನ ರಚನಾ ಸಭೆಯ ಸದಸ್ಯ ಫಾದರ್ ಜೆರೋಮ್ ಡಿಸೋಜ.

ಮೂಲ್ಕಿಯಿಂದ ಮದ್ರಾಸಿಗೆ

ಜೆರೋಮ್ ಡಿಸೋಜರು ಜನಿಸಿದ್ದು 1897ರ ಆಗಸ್ಟ್ 6ರಂದು, ಮಂಗಳೂರಿಗೂ ಉಡುಪಿಗೂ ನಡುವೆ ಶಾಂಭವಿ ನದಿಯ ದಡದಲ್ಲಿರುವ ಮೂಲ್ಕಿಯಲ್ಲಿ. ಆ ಕಾಲಕ್ಕೆ ದಕ್ಷಿಣ ಕನ್ನಡವು ಮದ್ರಾಸ್ ಪ್ರಾಂತಕ್ಕೆ ಸೇರಿದ ಜಿಲ್ಲೆಯಾಗಿತ್ತು. ಮೂಲ್ಕಿಯ ಬಪ್ಪನಾಡು ದುರ್ಗಾಪರಮೇಶ್ವರಿ ದೇವಾಲಯದ ಐತಿಹ್ಯದಲ್ಲಿ ಒಬ್ಬ ಮುಸ್ಲಿಂ ವರ್ತಕನ ಹೆಸರು ಬೆಸೆದುಕೊಂಡಿರುವುದನ್ನು ಕರಾವಳಿಯವರೆಲ್ಲ ಬಲ್ಲರು. ತುಳು, ಕನ್ನಡ, ಕೊಂಕಣಿ, ಬ್ಯಾರಿ ಮಾತುಗಳು ಒಂದೇ ಸಂತೆಯಲ್ಲಿ ಬೆರೆಯುವ ಊರದು. ನೆರೆಯವನ ನುಡಿ, ನೆರೆಯವನ ದೇವರು ಬೇರೆಯಾದರೂ ನೆರೆಹೊರೆತನ ಕೆಡಬೇಕಾಗಿಲ್ಲವೆಂಬುದನ್ನು ಅಂಥ ಊರಿನ ಮಕ್ಕಳು ಪುಸ್ತಕದಿಂದ ಕಲಿಯಬೇಕಾಗಿರಲಿಲ್ಲ.

1878ರ ಕೊನೆಗೆ ಮಂಗಳೂರಿಗೆ ಬಂದಿಳಿದ ಯೇಸುಸಭೆಯ ಗುರುಗಳು 1880ರಲ್ಲಿ ಸಂತ ಅಲೋಶಿಯಸ್ ಕಾಲೇಜನ್ನು ಆರಂಭಿಸಿ ಆ ಕರಾವಳಿಯಲ್ಲಿ ವಿದ್ಯೆಯ ಹೊಸ ಅಲೆಯನ್ನು ಎಬ್ಬಿಸಿದ್ದರು. ಜಾತಿಮತಭೇದವಿಲ್ಲದೆ ಹಿಂದೂ, ಮುಸ್ಲಿಂ, ಕ್ರೈಸ್ತ ಹುಡುಗರು ಒಂದೇ ಬೆಂಚಿನಲ್ಲಿ ಕುಳಿತು ಓದಿದ ಪೀಳಿಗೆ ಅದು. ಜೆರೋಮ್ ಡಿಸೋಜರೂ ಯೇಸುಸಭೆಯನ್ನು ಸೇರಿದರು. ಯೂರೋಪಿನಲ್ಲಿ ದೈವಶಾಸ್ತ್ರದ ಅಧ್ಯಯನ ಮುಗಿಸಿ, 1930ರ ದಶಕದ ಆರಂಭದಲ್ಲಿ ಗುರುದೀಕ್ಷೆ ಪಡೆದು ತಾಯ್ನಾಡಿಗೆ ಮರಳಿದರು.

ಮರಳಿದವರಿಗೆ ದೊರೆತ ಕೆಲಸ ಅಧ್ಯಾಪನ. ತಿರುಚಿರಾಪಳ್ಳಿಯ ಸಂತ ಜೋಸೆಫರ ಕಾಲೇಜು 1844ರಲ್ಲಿ ನಾಗಪಟ್ಟಣದಲ್ಲಿ ಹುಟ್ಟಿ 1883ರಲ್ಲಿ ತಿರುಚಿಗೆ ಬಂದ ಹಳೆಯ ವಿದ್ಯಾಸಂಸ್ಥೆ; ಮದ್ರಾಸಿನ ಲೊಯೋಲಾ ಕಾಲೇಜು 1925ರಲ್ಲಿ ಆರಂಭವಾದದ್ದು. ಈ ಎರಡೂ ಸಂಸ್ಥೆಗಳ ಹೊಣೆಯನ್ನು ಅವರು ಹೊತ್ತರು. ಹೊಸ ಕಟ್ಟಡಕ್ಕೆ ಹಣ, ಅಧ್ಯಾಪಕರಿಗೆ ವೇತನ, ಸರ್ಕಾರದ ಮನ್ನಣೆ, ವಿಶ್ವವಿದ್ಯಾನಿಲಯದ ನಿಯಮ, ಬಡ ವಿದ್ಯಾರ್ಥಿಯ ಶುಲ್ಕ ಇವುಗಳ ನಡುವೆ ದಿನ ಕಳೆದವರು ಅವರು. ಶಾಲೆಯೊಂದಕ್ಕೆ ಸರ್ಕಾರದ ಒಂದು ಆದೇಶದಿಂದ ಏನಾಗಬಲ್ಲುದೆಂಬುದನ್ನು ಕಾಗದದ ಮೇಲಲ್ಲದೆ ತರಗತಿಯಲ್ಲಿ ನಿಂತು ಕಂಡವರು. ಜೊತೆಗೆ ಅವರು ದಕ್ಷಿಣ ಭಾರತದ ಉತ್ತಮ ವಾಗ್ಮಿಗಳಲ್ಲಿ ಒಬ್ಬರೆಂದು ಹೆಸರಾಗಿದ್ದರು.

ಸಂವಿಧಾನ ರಚನಾ ಸಭೆಯಲ್ಲಿ

1946ರಲ್ಲಿ ಸಂವಿಧಾನ ರಚನಾ ಸಭೆಗೆ ಪ್ರಾಂತಗಳ ಶಾಸಕರು ಸದಸ್ಯರನ್ನು ಆರಿಸಿದಾಗ, ಮದ್ರಾಸ್ ಪ್ರಾಂತದಿಂದ ಕಾಂಗ್ರೆಸ್ಸಿನ ಬೆಂಬಲದೊಡನೆ ಫಾದರ್ ಜೆರೋಮ್ ಆಯ್ಕೆಯಾದರು. ಪಾದ್ರಿಯೊಬ್ಬರು ರಾಜಕೀಯ ಸಭೆಯಲ್ಲಿ ಕೂರುವುದು ಸರಿಯೇ ಎಂದು ಅಂದು ಹುಬ್ಬೇರಿಸಿದವರೂ ಇದ್ದಿರಬಹುದು. ಆದರೆ ಅದು ಪಕ್ಷರಾಜಕಾರಣದ ಸಭೆಯಾಗಿರಲಿಲ್ಲ. ಮುಂದಿನ ಎಲ್ಲ ಸಭೆಗಳಿಗೂ ಕಟ್ಟಳೆ ಹಾಕುವ ಸಭೆಯಾಗಿತ್ತು.

ಅಂದಿನ ಪರಿಸ್ಥಿತಿಯನ್ನು ನಾವು ನೆನೆಯಬೇಕು. 1946ರ ಡಿಸೆಂಬರ್ 9ರಂದು ಸಭೆ ಸೇರಿದಾಗ ದೇಶ ಕೋಮುಗಲಭೆಯ ಬೆಂಕಿಯಲ್ಲಿ ಬೇಯುತ್ತಿತ್ತು. ಮರುವರ್ಷವೇ ವಿಭಜನೆಯಾಯಿತು. ಬ್ರಿಟಿಷರ ಕಾಲದ 1935ರ ಕಾಯಿದೆಯು ಮುಸ್ಲಿಮರಿಗೆ, ಸಿಖ್ಖರಿಗೆ, ಭಾರತೀಯ ಕ್ರೈಸ್ತರಿಗೆ ಪ್ರತ್ಯೇಕ ಮತಕ್ಷೇತ್ರಗಳನ್ನು ಕೊಟ್ಟಿತ್ತು. ಪ್ರತ್ಯೇಕ ಹಕ್ಕು ಎಂಬ ಮಾತೇ ಅನೇಕರಿಗೆ ಪ್ರತ್ಯೇಕ ದೇಶ ಎಂಬಂತೆ ಕೇಳಿಸುತ್ತಿದ್ದ ಹೊತ್ತದು. ಅಂಥ ಹೊತ್ತಿನಲ್ಲಿ ಅಲ್ಪಸಂಖ್ಯಾತರ ಪರವಾಗಿ ಎದ್ದು ನಿಲ್ಲುವವನು ತನ್ನ ಪ್ರತಿಯೊಂದು ಪದವನ್ನೂ ತೂಗಿ ಆಡಬೇಕಾಗಿತ್ತು.

1947ರ ಮೇ 1ರಂದು ಮೂಲಭೂತ ಹಕ್ಕುಗಳ ಕರಡಿನ ಮೇಲೆ ಚರ್ಚೆ ನಡೆದಾಗ, ಅಪ್ರಾಪ್ತ ವಯಸ್ಕರ ಮತಾಂತರವನ್ನು ಕಾನೂನು ಮಾನ್ಯ ಮಾಡಬಾರದೆಂಬ ತಿದ್ದುಪಡಿಯೊಂದು ಸಭೆಯ ಮುಂದೆ ಬಂದಿತು. ಮೇಲ್ನೋಟಕ್ಕೆ ನ್ಯಾಯವೆನಿಸುವ ಆ ಮಾತಿನೊಳಗೆ ತೊಡಕೊಂದಿತ್ತು. ತಂದೆತಾಯಿಯರು ತಮ್ಮ ನಂಬಿಕೆಯನ್ನು ಬದಲಿಸಿಕೊಂಡರೆ ಅವರ ಎಳೆಯ ಮಕ್ಕಳ ಗತಿಯೇನು? ಮಗುವಿನ ಲಾಲನೆಪಾಲನೆ, ಸಂಸ್ಕಾರಗಳನ್ನು ನಿರ್ಧರಿಸುವವರು ಮೊದಲಿಗೆ ಯಾರು, ಮನೆಯೋ ಸರ್ಕಾರವೋ? ಆ ದಿನದ ಚರ್ಚೆಯಲ್ಲಿ ಪಾಲ್ಗೊಂಡ ಫಾದರ್ ಜೆರೋಮ್ ಕುಟುಂಬದ ಹಕ್ಕಿನ ಕಡೆಗೆ ಸಭೆಯ ಗಮನ ಸೆಳೆದರು. ಕಲಂ ಸಲಹಾ ಸಮಿತಿಗೆ ಹಿಂದಿರುಗಿತು. ಮುಂದೆ ಅದು ಅನಗತ್ಯವೆಂದು ಸಮಿತಿಯೇ ಕೈಬಿಟ್ಟಿತು.

ತತ್ತ್ವಶಾಸ್ತ್ರದ ವಿದ್ಯಾರ್ಥಿಗಳಾಗಿದ್ದ ನಮಗೆ ಇಲ್ಲಿ ಒಂದು ಹಳೆಯ ಪಾಠ ನೆನಪಾಗುತ್ತದೆ. ಕಾಲದ ದೃಷ್ಟಿಯಿಂದಲೂ ಸ್ವಭಾವದ ದೃಷ್ಟಿಯಿಂದಲೂ ಕುಟುಂಬ ರಾಜ್ಯಕ್ಕಿಂತ ಹಿರಿದು. ಮಗುವಿಗೆ ಜೀವ ಕೊಟ್ಟವರೇ ಅದರ ಮೊದಲ ಗುರುಗಳು. ಜಗದ್ಗುರು ಹನ್ನೊಂದನೆಯ ಪಿಯುಸ್‌ರವರು 1929ರ ಶಿಕ್ಷಣ ಕುರಿತ ವಿಶ್ವಪತ್ರದಲ್ಲಿಯೂ, ಎರಡನೆಯ ವ್ಯಾಟಿಕನ್ ಮಹಾಸಭೆಯು 1965ರ ಶಿಕ್ಷಣ ಘೋಷಣೆಯಲ್ಲಿಯೂ ಇದನ್ನೇ ಸಾರಿದ್ದಾರೆ. ಆದರೆ ರಾಜ್ಯಕ್ಕೂ ಕರ್ತವ್ಯವಿದೆ. ಸಂತ ತೋಮಾಸ್ ಅಕ್ವಿನಾಸರ ದೃಷ್ಟಿಯಲ್ಲಿ ಕಾನೂನು ವಿವೇಕದಿಂದ ಹುಟ್ಟಬೇಕು, ಸರ್ವರ ಹಿತವನ್ನು ಗುರಿಯಾಗಿಟ್ಟುಕೊಳ್ಳಬೇಕು. ಹೀಗಾಗಿ ಶಾಲೆಯ ಹಕ್ಕು ಕೇಳುವವನು ಸರ್ವರ ಹಿತದ ಭಾಷೆಯಲ್ಲಿ ಕೇಳಬೇಕಾಗುತ್ತದೆ.

ಡಿಸೆಂಬರ್ 8ರ ನಿರ್ಣಯ

ಅಲ್ಪಸಂಖ್ಯಾತರ ಶಾಲೆಗಳ ಹಕ್ಕು ಒಬ್ಬರ ಕೈಯ ಕೆಲಸವಲ್ಲ. ಸರ್ದಾರ್ ವಲ್ಲಭಭಾಯ್ ಪಟೇಲರು ಸಲಹಾ ಸಮಿತಿಯ ಅಧ್ಯಕ್ಷರು. ಬಂಗಾಳದ ಕ್ರೈಸ್ತ ಮುಖಂಡ ಎಚ್. ಸಿ. ಮುಖರ್ಜಿಯವರು ಅಲ್ಪಸಂಖ್ಯಾತರ ಉಪಸಮಿತಿಯ ಅಧ್ಯಕ್ಷರು, ಕೆ. ಎಂ. ಮುನ್ಷಿ, ರಾಜಕುಮಾರಿ ಅಮೃತ್ ಕೌರ್, ಡಾ. ಬಿ. ಆರ್. ಅಂಬೇಡ್ಕರ್ ಮೊದಲಾದವರು ವರ್ಷಗಟ್ಟಲೆ ಇದಕ್ಕಾಗಿ ದುಡಿದವರು. ಸಭೆಯೊಳಗೆ ಮಾತನಾಡಿದ್ದಕ್ಕಿಂತ ಸಮಿತಿಗಳಲ್ಲಿ, ಪತ್ರಗಳಲ್ಲಿ, ಪರಸ್ಪರ ಭೇಟಿಗಳಲ್ಲಿ ಆದ ಕೆಲಸ ದೊಡ್ಡದು. ಸಭೆಯ ಕಥೋಲಿಕ ಸದಸ್ಯರು ಆ ಕೆಲಸದಲ್ಲಿ ಇತರ ಕ್ರೈಸ್ತ ಪಂಗಡಗಳವರೊಡನೆ, ಇತರ ಅಲ್ಪಸಂಖ್ಯಾತರೊಡನೆ, ಬಹುಸಂಖ್ಯಾತರಲ್ಲಿನ ನ್ಯಾಯನಿಷ್ಠರೊಡನೆ ಕೂಡಿ ನಡೆಯಬೇಕಾಗಿತ್ತು. ಬೆಂಬಲ ಗಳಿಸುವುದೆಂದರೆ ತಮ್ಮವರನ್ನು ಒಟ್ಟುಗೂಡಿಸುವುದಷ್ಟೇ ಅಲ್ಲ, ತಮ್ಮವರಲ್ಲದವರ ಮನವೊಲಿಸುವುದು ಎಂಬುದನ್ನು ಫಾದರ್ ಜೆರೋಮ್ ಚೆನ್ನಾಗಿ ಅರಿತಿದ್ದರು.

1948ರ ಡಿಸೆಂಬರ್ 8ರಂದು ಸಭೆಯು ಆ ಕಲಮನ್ನು ಅಂಗೀಕರಿಸಿತು. ಅಂದು ಅಮಲೋದ್ಭವ ಮಾತೆಯ ಹಬ್ಬವೆಂಬುದು ನಮ್ಮ ಓದುಗರಿಗೆ ತಿಳಿದೇ ಇದೆ. ಕರಡಿನಲ್ಲಿ 23ನೆಯ ಕಲಮಿನ ಭಾಗವಾಗಿದ್ದ ಅದು ಇಂದಿನ ಸಂವಿಧಾನದಲ್ಲಿ 30ನೆಯ ವಿಧಿ. ಮತವನ್ನಾಗಲಿ ಭಾಷೆಯನ್ನಾಗಲಿ ಆಧರಿಸಿದ ಎಲ್ಲ ಅಲ್ಪಸಂಖ್ಯಾತರಿಗೂ ತಮಗೆ ಬೇಕಾದ ವಿದ್ಯಾಸಂಸ್ಥೆಗಳನ್ನು ಸ್ಥಾಪಿಸುವ, ನಡೆಸುವ ಹಕ್ಕನ್ನು ಅದು ಕೊಡುತ್ತದೆ. ಸರ್ಕಾರ ಶಾಲೆಗಳಿಗೆ ಅನುದಾನ ಕೊಡುವಾಗ ಅಲ್ಪಸಂಖ್ಯಾತರ ಆಡಳಿತದಲ್ಲಿದೆ ಎಂಬ ಕಾರಣಕ್ಕೆ ಭೇದ ಮಾಡಕೂಡದೆಂದೂ ಹೇಳುತ್ತದೆ.

ಇಲ್ಲಿ ಎರಡು ಮಾತುಗಳನ್ನು ಗಮನಿಸಬೇಕು. ಮೊದಲನೆಯದು, ಭಾಷೆ ಎಂಬ ಪದ. ತಮಿಳಿನಲ್ಲಿ ಜಪಮಾಲೆ ಹೇಳಿ, ಸಂತೆಯಲ್ಲಿ ತೆಲುಗು ಆಡಿ, ಕಚೇರಿಗೆ ಕನ್ನಡದಲ್ಲಿ ಅರ್ಜಿ ಬರೆಯುವ ನಮ್ಮ ಕೋಲಾರ ಚಿನ್ನದ ಗಣಿಯ ಕುಟುಂಬಗಳಿಗೆ ಆ ಪದದ ಬೆಲೆ ಗೊತ್ತು. ಗಡಿಯಾಚೆ ಕಾಸರಗೋಡಿನಲ್ಲಿ ಅದೇ ಪದ ಕನ್ನಡಿಗರನ್ನು ಕಾಯುತ್ತದೆ. ಒಂದೇ ವಿಧಿ ಇಲ್ಲಿ ತಮಿಳರಿಗೆ, ಅಲ್ಲಿ ಕನ್ನಡಿಗರಿಗೆ, ಎಲ್ಲೆಡೆ ಕ್ರೈಸ್ತರಿಗೆ, ಮುಸ್ಲಿಮರಿಗೆ, ಸಿಖ್ಖರಿಗೆ ಆಸರೆ. ಒಂದು ಪಂಗಡಕ್ಕೆ ಮಾತ್ರ ಕೇಳಿದ್ದರೆ ಅದು ಉಪಕಾರವಾಗುತ್ತಿತ್ತು. ಎಲ್ಲರಿಗಾಗಿ ಕೇಳಿದ್ದರಿಂದ ಅದು ನ್ಯಾಯವಾಯಿತು.

ಎರಡನೆಯದು, ಹಕ್ಕಿನೊಡನೆ ಬಂದ ಹೊಣೆ. ಸರ್ಕಾರದ ಹಣ ಪಡೆಯುವ ಶಾಲೆಯು ಮತ, ಜಾತಿ, ಭಾಷೆಯ ಕಾರಣಕ್ಕಾಗಿಯೇ ಯಾವ ಮಗುವಿಗೂ ಪ್ರವೇಶ ನಿರಾಕರಿಸುವಂತಿಲ್ಲವೆಂದು 29ನೆಯ ವಿಧಿ ಹೇಳುತ್ತದೆ. ಅಂಥ ಶಾಲೆಯಲ್ಲಿ ಪೋಷಕರ ಒಪ್ಪಿಗೆಯಿಲ್ಲದೆ ಎಳೆಯ ಮಗುವನ್ನು ಧರ್ಮಬೋಧೆಯ ತರಗತಿಗೆ ಕೂರಿಸಕೂಡದೆಂದು 28ನೆಯ ವಿಧಿ ಹೇಳುತ್ತದೆ. ಚಾಂಪಿಯನ್ ರೀಫ್ಸ್ ಮತ್ತು ಊರಿಗಾಂಗಳಲ್ಲಿ ಒಂದು ಕಾಲಕ್ಕೆ ಬಹುಸಂಖ್ಯೆಯಲ್ಲಿದ್ದ ಆಂಗ್ಲೋ ಇಂಡಿಯನ್ ಕುಟುಂಬಗಳ ಶಾಲೆಗಳಿಗೆ 337ನೆಯ ವಿಧಿಯು ಹತ್ತು ವರ್ಷಗಳ ವಿಶೇಷ ಅನುದಾನ ಕೊಟ್ಟಿತು. ಆದರೆ ಪ್ರತಿ ವರ್ಷದ ಪ್ರವೇಶಗಳಲ್ಲಿ ಶೇಕಡಾ 40ಕ್ಕೆ ಕಡಿಮೆಯಿಲ್ಲದಷ್ಟನ್ನು ಇತರ ಸಮುದಾಯಗಳ ಮಕ್ಕಳಿಗೆ ತೆರೆದಿಡಬೇಕೆಂಬ ಷರತ್ತನ್ನೂ ಹಾಕಿತು. ಸಂವಿಧಾನವನ್ನು ಬರೆದವರು ಶಾಲೆಯ ಬೀಗದ ಕೈಯನ್ನು ನಮಗೆ ಕೊಟ್ಟರು, ಬಾಗಿಲನ್ನು ತೆರೆದಿಡಬೇಕೆಂದೂ ವಿಧಿಸಿದರು.

ಸ್ಥಾನಗಳ ತ್ಯಾಗ

ಫಾದರ್ ಜೆರೋಮರ ಬಾಳಿನಲ್ಲಿ ಇಂದಿನವರಿಗೆ ಅತ್ಯಂತ ಆಶ್ಚರ್ಯವೆನಿಸುವ ಘಟ್ಟ ಇದಾದ ಮೇಲೆ ಬರುತ್ತದೆ. 1947ರ ಯೋಜನೆಯಂತೆ ಭಾರತೀಯ ಕ್ರೈಸ್ತರಿಗೆ ಕೇಂದ್ರ ಶಾಸನಸಭೆಯಲ್ಲಿಯೂ ಮದ್ರಾಸ್, ಬೊಂಬಾಯಿ ಪ್ರಾಂತಗಳ ಶಾಸನಸಭೆಗಳಲ್ಲಿಯೂ ಕೆಲವು ಮೀಸಲು ಸ್ಥಾನಗಳು ಸಿಗಬೇಕಾಗಿತ್ತು. 1949ರ ಮೇ ತಿಂಗಳಿನಲ್ಲಿ ಮತಾಧಾರಿತ ಮೀಸಲಾತಿಯನ್ನೇ ಕೈಬಿಡುವ ಪ್ರಸ್ತಾಪ ಬಂದಿತು. ಎಚ್. ಸಿ. ಮುಖರ್ಜಿಯವರು ಅದರ ಮುಂಚೂಣಿಯಲ್ಲಿದ್ದರು. ಫಾದರ್ ಜೆರೋಮ್ ಸಭೆಯಲ್ಲಿ ಅದನ್ನು ಸ್ವಾಗತಿಸಿದರು.

ಅಂದು ಅದು ಸುಲಭದ ಮಾತಾಗಿರಲಿಲ್ಲ. ಕೈಯಲ್ಲಿದ್ದುದನ್ನು ಬಿಟ್ಟುಕೊಟ್ಟರೆ ನಾಳೆ ನಮ್ಮ ಪರವಾಗಿ ಕೈಯೆತ್ತುವವರು ಯಾರೆಂಬ ಭಯ ಯಾವ ಸಣ್ಣ ಸಮುದಾಯಕ್ಕಾದರೂ ಸಹಜ. ಆ ಭಯಕ್ಕೆ ಆಧಾರವಿಲ್ಲದಿರಲಿಲ್ಲ. ಆದರೆ ಮೀಸಲು ಸ್ಥಾನದಲ್ಲಿ ಗೆದ್ದ ಕ್ರೈಸ್ತ ಶಾಸಕನು ಕ್ರೈಸ್ತರಿಗೆ ಮಾತ್ರ ಉತ್ತರಿಸಬೇಕಾಗುತ್ತದೆ. ಉಳಿದ ಶಾಸಕರು ಕ್ರೈಸ್ತರ ಮಾತು ಕೇಳುವ ಅಗತ್ಯವೇ ಇಲ್ಲದಂತಾಗುತ್ತದೆ. ಸಾಮಾನ್ಯ ಕ್ಷೇತ್ರದಲ್ಲಿಯಾದರೋ ಪ್ರತಿಯೊಬ್ಬ ಶಾಸಕನೂ ನಮ್ಮ ಮನೆಬಾಗಿಲಿಗೆ ಬರಬೇಕು, ನಾವೂ ಅವನ ಬಾಗಿಲಿಗೆ ಹೋಗಬಹುದು. ಸ್ಥಾನಗಳನ್ನು ಬಿಟ್ಟುಕೊಟ್ಟ ಸಮುದಾಯವು ನೆರೆಯವರ ಸದ್ಭಾವನೆಯನ್ನೂ ಶಾಲೆಗಳ ಹಕ್ಕನ್ನೂ ಉಳಿಸಿಕೊಂಡಿತು. ಆಂಗ್ಲೋ ಇಂಡಿಯನ್ನರಿಗೆ ನಾಮಕರಣದ ಸ್ಥಾನಗಳು ಉಳಿದವು. ಅವೂ 2020ರ ಜನವರಿಯಲ್ಲಿ ಕೊನೆಗೊಂಡವು. ಈಗ ನಮ್ಮೆಲ್ಲರ ಸ್ಥಿತಿ ಒಂದೇ.

ಹೀಗಾಗಿ ವಿಧಾನಸಭೆಯಲ್ಲಿ ನಮ್ಮವರು ಎಷ್ಟು ಮಂದಿ ಎಂದು ಕೇಳುವ ಪೋಷಕರಿಗೆ ಫಾದರ್ ಜೆರೋಮರ ಬಾಳು ಕೊಡುವ ಉತ್ತರ ಸ್ಪಷ್ಟವಾಗಿದೆ. ಅಲ್ಲಿ ಕುಳಿತವರೆಲ್ಲರೂ ನಮ್ಮವರೇ ಎಂದು ಬಗೆದು ಅವರ ಬಳಿಗೆ ಹೋಗಬೇಕು.

ಪರೀಕ್ಷೆಯ ಕಾಲ

ಸಂವಿಧಾನದ ಕೆಲಸ ಮುಗಿದ ಮೇಲೆ ಫಾದರ್ ಜೆರೋಮರಿಗೆ ವಿಶ್ರಾಂತಿ ಸಿಗಲಿಲ್ಲ. 1949ರಿಂದ 1957ರವರೆಗೆ ಹಲವು ಬಾರಿ ವಿಶ್ವಸಂಸ್ಥೆಯ ಮಹಾಸಭೆಗೆ ತೆರಳಿದ ಭಾರತದ ನಿಯೋಗದಲ್ಲಿ ಅವರಿದ್ದರು. 1951ರಲ್ಲಿ ಪುಣೆಯಲ್ಲಿ ಸಾಮಾಜಿಕ ಅಧ್ಯಯನ ಮತ್ತು ತರಬೇತಿಗಾಗಿ ಒಂದು ಸಂಸ್ಥೆಯನ್ನು ಕಟ್ಟಿದರು. ಅದೇ ಮುಂದೆ ದೆಹಲಿಗೆ ಹೋಗಿ ಇಂಡಿಯನ್ ಸೋಶಿಯಲ್ ಇನ್‌ಸ್ಟಿಟ್ಯೂಟ್ ಎಂದು ಹೆಸರಾಯಿತು; ಬೆಂಗಳೂರಿನ ಬೆನ್ಸನ್ ಟೌನಿನಲ್ಲಿಯೂ ಅದರ ಕಾರ್ಯ ಬೆಳೆಯಿತು. ಕಾರ್ಮಿಕ, ರೈತ, ದಲಿತ ಸಮಸ್ಯೆಗಳನ್ನು ಧರ್ಮಸಭೆಯು ದಾನಧರ್ಮದಿಂದಷ್ಟೇ ಎದುರಿಸಲಾಗದು, ಅಧ್ಯಯನವೂ ಬೇಕು ಎಂಬ ಅರಿವಿನ ಫಲವದು. ಹಕ್ಕನ್ನು ಗಳಿಸಿದವರು ಆ ಹಕ್ಕು ಯಾರಿಗಾಗಿ ಎಂಬ ಪ್ರಶ್ನೆಯನ್ನು ಮರೆಯಲಿಲ್ಲವೆಂಬುದಕ್ಕೆ ಆ ಸಂಸ್ಥೆಯೇ ಸಾಕ್ಷಿ. 1957ರಲ್ಲಿ ಯೇಸುಸಭೆಯ ಮಹಾಶ್ರೇಷ್ಠರಿಗೆ ನೆರವಾಗಲು ಅವರು ರೋಮಿಗೆ ತೆರಳಿದರು.

ಅದೇ ವರ್ಷ, ಅವರು ಹುಟ್ಟಿದ ಕರಾವಳಿಯ ತೆಂಕಣ ಗಡಿಯಾಚೆ, 30ನೆಯ ವಿಧಿಗೆ ಮೊದಲ ದೊಡ್ಡ ಪರೀಕ್ಷೆ ಎದುರಾಯಿತು. ಕೇರಳದ ಮೊದಲ ಸರ್ಕಾರದ ಶಿಕ್ಷಣ ಸಚಿವ ಜೋಸೆಫ್ ಮುಂಡಶ್ಶೇರಿಯವರು ಶಿಕ್ಷಣ ಮಸೂದೆಯೊಂದನ್ನು ಮಂಡಿಸಿದರು. ಅವರು ಸ್ವತಃ ಕ್ರೈಸ್ತ ಮನೆತನದವರು, ಕಾಲೇಜು ಅಧ್ಯಾಪಕರಾಗಿದ್ದವರು. ಶಿಕ್ಷಕರಿಗೆ ಸರ್ಕಾರವೇ ನೇರವಾಗಿ ವೇತನ ಕೊಡುವುದು, ಲೋಕಸೇವಾ ಆಯೋಗದ ಪಟ್ಟಿಯಿಂದ ಶಿಕ್ಷಕರನ್ನು ಆರಿಸುವುದು, ಅಗತ್ಯ ಬಿದ್ದರೆ ಶಾಲೆಯ ಆಡಳಿತವನ್ನೇ ವಹಿಸಿಕೊಳ್ಳುವುದು ಅದರ ಮುಖ್ಯಾಂಶಗಳು. ಕಥೋಲಿಕ ಧರ್ಮಸಭೆಯೂ ನಾಯರ್ ಸಮಾಜದ ಮುಖಂಡರೂ ಅದನ್ನು ವಿರೋಧಿಸಿದರು.

ರಾಷ್ಟ್ರಪತಿ ಡಾ. ರಾಜೇಂದ್ರ ಪ್ರಸಾದರು ಮಸೂದೆಯನ್ನು ಸರ್ವೋಚ್ಚ ನ್ಯಾಯಾಲಯದ ಅಭಿಪ್ರಾಯಕ್ಕೆ ಕಳುಹಿಸಿದರು. 1958ರ ಮೇ 22ರಂದು ಬಂದ ಅಭಿಪ್ರಾಯವನ್ನು ಪ್ರತಿಯೊಬ್ಬ ಶಾಲಾ ಆಡಳಿತಗಾರನೂ ಬಾಯಿಪಾಠ ಮಾಡಬೇಕು. ಶಿಕ್ಷಕರ ನೇಮಕ ಮತ್ತು ವೇತನದ ರಕ್ಷಣೆಗಾಗಿ ಸರ್ಕಾರ ಹಾಕುವ ನಿಯಮಗಳನ್ನು ನ್ಯಾಯಾಲಯ ಬಹುಮಟ್ಟಿಗೆ ಒಪ್ಪಿತು. ಆಡಳಿತವನ್ನೇ ವಶಪಡಿಸಿಕೊಳ್ಳುವ ಅಧಿಕಾರವು ಅಲ್ಪಸಂಖ್ಯಾತರ ಶಾಲೆಗಳ ಮಟ್ಟಿಗೆ ಸಲ್ಲದೆಂದಿತು. ಜೊತೆಗೆ, ಆಡಳಿತ ನಡೆಸುವ ಹಕ್ಕಿನಲ್ಲಿ ದುರಾಡಳಿತ ನಡೆಸುವ ಹಕ್ಕು ಸೇರಿಲ್ಲವೆಂದು ನಮ್ಮ ಕಿವಿಯನ್ನೂ ಹಿಂಡಿತು.

ಮುಂದಿನ ಕಥೆ ದುಃಖದ್ದು. ತಿದ್ದಿದ ಮಸೂದೆ 1959ರಲ್ಲಿ ಕಾನೂನಾಯಿತು. ಬೀದಿಯಲ್ಲಿ ದೊಡ್ಡ ಚಳವಳಿ ನಡೆಯಿತು, ಗುಂಡೇಟಿಗೆ ಜನ ಬಲಿಯಾದರು, ಜುಲೈ 31ರಂದು ಸರ್ಕಾರವೇ ವಜಾಗೊಂಡಿತು. ಆ ಚಳವಳಿಯನ್ನು ಇಂದಿಗೂ ಹೆಮ್ಮೆಯಿಂದ ನೆನೆಯುವವರು ನಮ್ಮಲ್ಲಿದ್ದಾರೆ. ಅವರ ನೋವನ್ನು ನಾವು ಹಗುರ ಮಾಡುವುದಿಲ್ಲ. ಆದರೆ ಹಲವು ಖಾಸಗಿ ಶಾಲೆಗಳಲ್ಲಿ ಶಿಕ್ಷಕರ ವೇತನದ ವಿಷಯದಲ್ಲಿ ಅನ್ಯಾಯ ನಡೆಯುತ್ತಿದ್ದುದು ಸುಳ್ಳಲ್ಲ. ನಮ್ಮ ಅಂಗಳವನ್ನು ನಾವೇ ಗುಡಿಸಿದ್ದರೆ ಮಸೂದೆಗೆ ಅರ್ಧ ಕಾರಣವೇ ಇರುತ್ತಿರಲಿಲ್ಲ. ಇನ್ನೊಂದು ಸಂಗತಿ: ಸರ್ಕಾರಗಳು ಬಂದವು, ಹೋದವು, ಚಳವಳಿಯ ಘೋಷಣೆಗಳು ಗಾಳಿಯಲ್ಲಿ ಸೇರಿದವು. ಇಂದಿಗೂ ಶಾಲೆಗಳನ್ನು ಕಾಯುತ್ತಿರುವುದು 1948ರ ಡಿಸೆಂಬರಿನಲ್ಲಿ ವಾದದಿಂದ, ತಾಳ್ಮೆಯಿಂದ, ವಿಶ್ವಾಸದಿಂದ ಬರೆಯಿಸಿಕೊಂಡ ಆ ಕೆಲವು ಸಾಲುಗಳು.

ನಮ್ಮ ರಾಜ್ಯದಲ್ಲಿ

ಕರ್ನಾಟಕದಲ್ಲಿಯೂ ಈ ವಿಧಿಯ ನೆರಳು ಉದ್ದವಾಗಿ ಚಾಚಿದೆ. 1976ರ 42ನೆಯ ತಿದ್ದುಪಡಿಯವರೆಗೆ ಶಿಕ್ಷಣ ಮುಖ್ಯವಾಗಿ ರಾಜ್ಯಗಳ ಅಧಿಕಾರದಲ್ಲಿತ್ತು. ಆ ಬಳಿಕ ಕೇಂದ್ರವೂ ರಾಜ್ಯವೂ ಕಾನೂನು ಮಾಡಬಹುದಾಯಿತು. 1983ರಲ್ಲಿ ನಮ್ಮ ವಿಧಾನಮಂಡಲ ಅಂಗೀಕರಿಸಿದ ಶಿಕ್ಷಣ ಕಾಯಿದೆ 1995ರಲ್ಲಿ ಜಾರಿಗೆ ಬಂದು, ಅನುದಾನಿತ ಮತ್ತು ಅನುದಾನರಹಿತ ಶಾಲೆಗಳ ಮಾನ್ಯತೆ, ನೇಮಕ, ಶುಲ್ಕಗಳಿಗೆಲ್ಲ ಚೌಕಟ್ಟಾಯಿತು. 2002ರ ಅಕ್ಟೋಬರ್ 31ರಂದು, ಮೂಲ್ಕಿಗೆ ದೂರವಲ್ಲದ ಮಣಿಪಾಲದ ಟಿ. ಎಂ. ಎ. ಪೈ ಪ್ರತಿಷ್ಠಾನದ ಮೊಕದ್ದಮೆಯಲ್ಲಿ ಹನ್ನೊಂದು ನ್ಯಾಯಮೂರ್ತಿಗಳ ಪೀಠವು ಅಲ್ಪಸಂಖ್ಯಾತರು ಯಾರೆಂಬುದನ್ನು ರಾಜ್ಯವಾರು ನಿರ್ಧರಿಸಬೇಕೆಂದು ಹೇಳಿತು. ಪೋಷಕರ ಆಯ್ಕೆ, ಸರ್ಕಾರದ ಹಣ, ಆಡಳಿತದ ಸ್ವಾತಂತ್ರ್ಯ ಇವುಗಳ ಎಳೆದಾಟ ನಮ್ಮಲ್ಲಿ ಮಾತ್ರವಿಲ್ಲ. ಅಮೆರಿಕದ ಮಿನ್ನೆಸೋಟ ರಾಜ್ಯ 1991ರಲ್ಲಿ ಚಾರ್ಟರ್ ಶಾಲೆಗಳ ಕಾನೂನು ಮಾಡಿ, ಸರ್ಕಾರದ ಹಣದಲ್ಲಿ ಸ್ವಂತ ಆಡಳಿತದಿಂದ ನಡೆಯುವ ಶಾಲೆಗಳಿಗೆ ಅವಕಾಶ ಕೊಟ್ಟ ಮೇಲೆ ಅಲ್ಲಿಯೂ ಪೋಷಕರು ರಾಜ್ಯ ಶಾಸನಸಭೆಗಳ ಬಾಗಿಲು ತಟ್ಟುತ್ತಲೇ ಬಂದಿದ್ದಾರೆ.

2014ರ ಮೇ 6ರಂದು ಸರ್ವೋಚ್ಚ ನ್ಯಾಯಾಲಯ, 2009ರ ಶಿಕ್ಷಣ ಹಕ್ಕು ಕಾಯಿದೆಯಿಂದ ಅಲ್ಪಸಂಖ್ಯಾತರ ಶಾಲೆಗಳನ್ನು ಹೊರಗಿಟ್ಟಿತು. ದುರ್ಬಲ ವರ್ಗದ ಮಕ್ಕಳಿಗೆ ಶೇಕಡಾ 25ರಷ್ಟು ಸ್ಥಾನ ಕೊಡುವ ಕಟ್ಟುಪಾಡು ಹಾಗಾಗಿ ನಮ್ಮ ಶಾಲೆಗಳಿಗೆ ಇಲ್ಲ. ಆ ತೀರ್ಪು ಸರಿಯೇ ಎಂಬ ಪ್ರಶ್ನೆಯನ್ನು 2025ರಲ್ಲಿ ಅದೇ ನ್ಯಾಯಾಲಯದ ಪೀಠವೊಂದು ಎತ್ತಿದೆ. ಕಾನೂನಿನ ವಾದ ವಕೀಲರಿಗಿರಲಿ. ಆತ್ಮಸಾಕ್ಷಿಯ ವಾದ ನಮಗೆ ಸೇರಿದ್ದು. ಕಾನೂನು ಕಟ್ಟಿಹಾಕದಿದ್ದಾಗ ನಾವೇ ಮನಸಾರೆ ಎಷ್ಟು ಬಡ ಮಕ್ಕಳನ್ನು ಒಳಗೆ ಕರೆದುಕೊಂಡೆವು?

ಈ ಪ್ರಶ್ನೆಯಿಂದ ನಾವೂ ಹೊರತಲ್ಲ. 2001ರಲ್ಲಿ, ಗಣಿ ಮುಚ್ಚಿದ ಬೇಸಿಗೆಯಲ್ಲಿ, ಕಿರಿಯ ಗುರುವಾಗಿ ಒಂದು ಶಾಲೆಯ ಕೆಲಸದಲ್ಲಿ ನೆರವಾಗುತ್ತಿದ್ದೆವು. ಕೆಲಸ ಕಳೆದುಕೊಂಡ ತಂದೆಯೊಬ್ಬರು ಮಗಳ ಶುಲ್ಕಕ್ಕೆ ಮೂರು ತಿಂಗಳ ಕಾಲಾವಕಾಶ ಕೇಳಲು ಬಂದರು. ನಿಯಮವನ್ನು ತೋರಿಸಿ ಅವರನ್ನು ಕಚೇರಿಗೆ ಕಳುಹಿಸಿದೆವು. ಜೂನ್ ತಿಂಗಳಿನಲ್ಲಿ ಆ ಮಗುವಿನ ಜಾಗದಲ್ಲಿ ಬೇರೊಬ್ಬಳು ಕುಳಿತಿದ್ದಳು. ಅಂದು ನಮ್ಮ ಕೈಯಲ್ಲಿದ್ದದ್ದು ಸಂವಿಧಾನ ಕೊಟ್ಟ ಬೀಗದ ಕೈಯೇ. ತೆರೆಯಬೇಕಾದ ಬಾಗಿಲನ್ನು ನಾವು ಮುಚ್ಚಿದೆವು. ಆ ತಂದೆಯ ಮುಖ ಇಂದಿಗೂ ಬಲಿಪೂಜೆಯ ಪಾಪನಿವೇದನೆಯ ವೇಳೆಗೆ ಕಣ್ಣ ಮುಂದೆ ಬರುತ್ತದೆ.

ನಮ್ಮ ಮುಂದಿರುವ ಕೆಲಸ

ಫಾದರ್ ಜೆರೋಮ್ ಡಿಸೋಜರು 1977ರ ಆಗಸ್ಟ್ 12ರಂದು, ಎಂಬತ್ತು ವರ್ಷ ತುಂಬಿದ ಆರನೆಯ ದಿನ, ದೈವಾಧೀನರಾದರು. ಅವರ ಜನ್ಮಶತಾಬ್ದಿಯ 1997ರಲ್ಲಿ ಭಾರತ ಸರ್ಕಾರ ಅವರ ಸ್ಮರಣೆಗಾಗಿ ಅಂಚೆ ಚೀಟಿಯನ್ನು ಹೊರತಂದಿತು. ಆದರೆ ಅವರ ನಿಜವಾದ ಸ್ಮಾರಕ ನಮ್ಮ ಮಕ್ಕಳು ದಿನವೂ ಹೆಗಲಿಗೇರಿಸುವ ಪುಸ್ತಕದ ಚೀಲ.

ಹಾಗಾದರೆ ಪೋಷಕರು ಏನು ಮಾಡಬೇಕು? ಸಹಿ ಸಂಗ್ರಹಿಸಬೇಕು, ಶಾಸಕರನ್ನು ಕಾಣಬೇಕು, ಮಸೂದೆಯ ಪ್ರತಿಯನ್ನು ತರಿಸಿ ಓದಬೇಕು. ಓದದೆ ಕೂಗುವುದು ನಮ್ಮ ಪಕ್ಷವನ್ನೇ ದುರ್ಬಲಗೊಳಿಸುತ್ತದೆ. ಯಾವ ಕಲಮಿನಿಂದ ಯಾವ ಮಗುವಿಗೆ ತೊಂದರೆಯೆಂಬುದನ್ನು ನಾಲ್ಕು ಸಾಲಿನಲ್ಲಿ, ಸರಳ ಕನ್ನಡದಲ್ಲಿ ಬರೆಯಬೇಕು. ಮಸೂದೆಯಲ್ಲಿ ಶಿಕ್ಷಕರಿಗೋ ಬಡವರಿಗೋ ಒಳಿತಾಗುವ ಅಂಶವಿದ್ದರೆ ಅದನ್ನು ಮೊದಲು ಒಪ್ಪಿಕೊಂಡು, ಆಮೇಲೆ ಆಕ್ಷೇಪವನ್ನು ಹೇಳಬೇಕು. ಶಾಲೆಯ ಲೆಕ್ಕಪತ್ರ ತೆರೆದಿರಬೇಕು. ಶಿಕ್ಷಕರ ವೇತನ ನ್ಯಾಯವಾಗಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಮನವಿಯ ಕೆಳಗೆ ನಮ್ಮ ಹೆಸರುಗಳಷ್ಟೇ ಸಾಲವು. ನಮ್ಮ ಶಾಲೆಗಳಲ್ಲಿ ಕಲಿಯುವ ಹಿಂದೂ ಮಗುವಿನ ತಾಯಿ, ಮುಸ್ಲಿಂ ಮಗುವಿನ ತಂದೆ ಅದಕ್ಕೆ ತಾವಾಗಿ ಸಹಿ ಹಾಕಬೇಕು. ಅವರು ಸಹಿ ಹಾಕಲು ಹಿಂಜರಿದರೆ ತಪ್ಪು ಮಸೂದೆಯಲ್ಲಿ ಮಾತ್ರವಿಲ್ಲ, ನಮ್ಮ ಶಾಲೆಯಲ್ಲಿಯೂ ಇದೆಯೆಂದು ತಿಳಿಯಬೇಕು. ಅವರು ಸಂತೋಷದಿಂದ ಸಹಿ ಹಾಕಿದರೆ ಆ ಕಾಗದವನ್ನು ಯಾವ ಸರ್ಕಾರವೂ ಸುಲಭವಾಗಿ ಬದಿಗಿಡಲಾರದು.

ಈ ಸಂಜೆ ಬಂಗಾರಪೇಟೆಯಿಂದ ಬರುವ ರೈಲಿನಿಂದ ಇಳಿಯುವ ತಂದೆತಾಯಿಯರು ಬೇರೆ ಬೇರೆ ಬೀದಿಗಳಿಗೆ, ಬೇರೆ ಬೇರೆ ದೇವರ ದೀಪವಿರುವ ಮನೆಗಳಿಗೆ ನಡೆಯುತ್ತಾರೆ. ಮನೆಗೆ ಹೋದೊಡನೆ ಅವರೆಲ್ಲರೂ ಕೇಳುವ ಪ್ರಶ್ನೆ ಒಂದೇ: ಮಗು ಇಂದು ಶಾಲೆಯಲ್ಲಿ ಏನು ಕಲಿಯಿತು? ಆ ಒಂದು ಪ್ರಶ್ನೆಯ ಸುತ್ತ ಅವರೆಲ್ಲರನ್ನೂ ಕೂಡಿಸಲು ನಮ್ಮ ಧರ್ಮಕೇಂದ್ರಗಳಿಗೆ ಸಾಧ್ಯವಾಗಲೆಂದು ಫಾದರ್ ಜೆರೋಮರ ನೆನಪಿನಲ್ಲಿ ಪ್ರಾರ್ಥಿಸೋಣ.